ಮೂರು ದಿನ ಕೋಪನ್‌ಹೇಗನ್, ಒಂದು ಪಾಸ್‌ಬುಕ್



ಕಳೆದ ಜೂನ್‌ನಲ್ಲಿ ನಾನು ಒಂದು ವಾರ ರಜೆ ಹಾಕಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಿ ಬರಲು ಹೋಗಿದ್ದೆ. ಒಕ್ಕೂಟದ ಖರ್ಚಲ್ಲ, ನನ್ನದೇ ಉಳಿತಾಯದ ದುಡ್ಡು. ಹೋಗಿ ಬರುವ ದಿನಗಳನ್ನು ಕಳೆದರೆ ಊರು ಸುತ್ತಲು ಸಿಕ್ಕಿದ್ದು ಮೂರೇ ದಿನ.

ವಾಪಸ್ ಬಂದ ಮೇಲೆ ಒಂದು ಮಹಿಳಾ ಸಂಘದ ಸಭೆಗೆ ಹೋಗಿದ್ದೆ. ಅಲ್ಲಿ ಹಿರಿಯ ಸದಸ್ಯೆಯೊಬ್ಬರು, "ಅಷ್ಟು ದೂರ ಹೋಗಿದ್ರಲ್ಲ ಮೇಡಂ, ಅಲ್ಲಿ ಹಸು ನೋಡಿದ್ರಾ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಆ ನಗರದಲ್ಲಿ ನಾನು ಒಂದೇ ಒಂದು ಹಸುವನ್ನೂ ಕಾಣಲಿಲ್ಲ. ಆದರೆ ಕಾಲಿಟ್ಟ ಕಡೆಯಲ್ಲೆಲ್ಲ ಹಾಲಿನ ಮಾತು ಎದುರಾಯಿತು. ನಿಮ್ಮ ಕೊಟ್ಟಿಗೆಗೂ ಆ ಊರಿಗೂ ಇಷ್ಟೊಂದು ನಂಟಿದೆ ಎಂದು ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಅದಕ್ಕೇ ಈ ಬರಹ. ಬನ್ನಿ, ನಿಮ್ಮನ್ನೂ ಮೂರು ದಿನ ಸುತ್ತಾಡಿಸಿಕೊಂಡು ಬರುತ್ತೇನೆ.

ಮೊದಲ ದಿನ: ಕಡ್ಡಿಯ ಕಥೆ

ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಜೂನ್ ತಿಂಗಳಲ್ಲಿ ಸೂರ್ಯ ಬೆಳಗ್ಗೆ ನಾಲ್ಕೂವರೆಗೆಲ್ಲ ಹುಟ್ಟುತ್ತಾನೆ, ರಾತ್ರಿ ಹತ್ತರ ಹೊತ್ತಿನವರೆಗೂ ಮುಳುಗಲು ಮನಸ್ಸು ಮಾಡುವುದಿಲ್ಲ. ಬೆಳಕಿರುವಾಗಲೇ ಊಟ ಮಾಡಿ, ಬೆಳಕಿರುವಾಗಲೇ ಪರದೆ ಎಳೆದು ಮಲಗಬೇಕು. ನನಗಂತೂ ಸಂಜೆ ಹಾಲು ಕರೆಯುವ ಹೊತ್ತು ಯಾವುದೆಂದೇ ತಿಳಿಯಲಿಲ್ಲ.

ರಸ್ತೆಗಿಳಿದರೆ ಸೈಕಲ್ಲೋ ಸೈಕಲ್ಲು. ಕಾರಿಗೊಂದು ದಾರಿ, ನಡೆಯುವವರಿಗೊಂದು ದಾರಿ, ಸೈಕಲ್ಲಿಗೇ ಬೇರೊಂದು ದಾರಿ. ಕೋಟು ಹಾಕಿದ ಅಧಿಕಾರಿಗಳು, ಎಪ್ಪತ್ತು ದಾಟಿದ ಅಜ್ಜಿಯರು, ಎಲ್ಲರೂ ಸೈಕಲ್ ಮೇಲೆ. ಮುಂದೆ ಮರದ ಪೆಟ್ಟಿಗೆ ಕಟ್ಟಿದ ಮೂರು ಚಕ್ರದ ಸೈಕಲ್ ಕೂಡ ಇದೆ. ಅದರಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ತಾಯಂದಿರು ಸರಾಗವಾಗಿ ಹೋಗುತ್ತಾರೆ. ಅದನ್ನು ನೋಡಿದಾಗ ಎರಡು ಕ್ಯಾನ್ ಹಾಲು ಇಟ್ಟು ಡೇರಿಗೆ ಒಯ್ಯಲು ಎಷ್ಟು ಅನುಕೂಲ ಎಂದುಕೊಂಡೆ.

ಮಗಳ ಕೋಣೆಯ ಹತ್ತಿರವೇ, ಫ್ರೆಡರಿಕ್ಸ್‌ಬರ್ಗ್ ಎಂಬ ಭಾಗದಲ್ಲಿ, ಹಳೆಯ ಪಶುವೈದ್ಯ ಮತ್ತು ಕೃಷಿ ಕಾಲೇಜು ಇದೆ. ಈಗ ಅದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಭಾಗ. ಅದರ ಹೂದೋಟಕ್ಕೆ ಯಾರು ಬೇಕಾದರೂ ಹೋಗಬಹುದು. ಪ್ರಯಾಣದ ಆಯಾಸಕ್ಕೆ ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತೆವು. ಆಗ ಮಗಳು, "ಅಮ್ಮ, ನೀನು ದಿನಾ ಹೇಳೋ ಎರಡು ವಿಷಯ ಇಲ್ಲಿಂದಲೇ ಹೊರಟಿದ್ದು" ಎಂದಳು.

ಮೊದಲನೆಯದು ಕಂದು ರೋಗ. ಗಬ್ಬದ ಹಸು ಐದಾರು ತಿಂಗಳು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಂದು ಹಾಕುತ್ತದೆ, ಕಸ ಸರಿಯಾಗಿ ಬೀಳುವುದಿಲ್ಲ. ಹಿಂದೆ ಇದಕ್ಕೆ ದೃಷ್ಟಿ ತಾಗಿದೆ, ದೆವ್ವದ ಕಾಟ ಎನ್ನುತ್ತಿದ್ದರು. ಈ ಕಾಲೇಜಿನಲ್ಲಿದ್ದ ಬರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯರು 1897ರಲ್ಲಿ ಇದು ಒಂದು ಸೂಕ್ಷ್ಮಾಣುವಿನ ಕೆಲಸ ಎಂದು ತೋರಿಸಿಕೊಟ್ಟರು. ಇಂದಿಗೂ ಎಷ್ಟೋ ದೇಶಗಳಲ್ಲಿ ಈ ರೋಗಕ್ಕೆ ಬಾಂಗ್ ರೋಗ ಎಂದೇ ಹೆಸರು. ನಾವು ಬ್ರುಸೆಲ್ಲೋಸಿಸ್ ಎನ್ನುವುದೂ ಇದನ್ನೇ.

ಇಲ್ಲಿ ಒಂದು ಮಾತು ನೆನಪಿಡಿ. ಈ ರೋಗ ಮನುಷ್ಯರಿಗೂ ಬರುತ್ತದೆ. ಕಂದು ಬಿದ್ದಾಗ, ಕಸ ತೆಗೆಯುವಾಗ ಮುಂದೆ ನಿಲ್ಲುವವರು ಹೆಚ್ಚಾಗಿ ನೀವೇ. ಬರಿಗೈಯಲ್ಲಿ ಮುಟ್ಟಬೇಡಿ. ಕಂದನ್ನೂ ಕಸವನ್ನೂ ನಾಯಿ ಎಳೆಯದಂತೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಒಂದೇ ಒಂದು ಸಲ ಲಸಿಕೆ ಹಾಕಿಸಿದರೆ ಸಾಕು. ಲಸಿಕೆಯವರು ಊರಿಗೆ ಬಂದ ದಿನ ಕರುವನ್ನು ಮೇಯಲು ಬಿಟ್ಟು ತಪ್ಪಿಸಬೇಡಿ.

ಎರಡನೆಯದು ನೀವು ಇಂಜೆಕ್ಷನ್ ಕೊಡಿಸುವುದು ಎನ್ನುತ್ತೀರಲ್ಲ, ಆ ಕೃತಕ ಗರ್ಭಧಾರಣೆ. ಇದೇ ಕಾಲೇಜಿನ ಎಡ್ವರ್ಡ್ ಸೊರೆನ್ಸನ್ ಎಂಬವರು 1936ರಲ್ಲಿ ಸಾಮ್ಸೋ ಎಂಬ ಪುಟ್ಟ ದ್ವೀಪದ ರೈತರನ್ನು ಸೇರಿಸಿ, ಹಸುಗಳ ಕೃತಕ ಗರ್ಭಧಾರಣೆಗೆಂದೇ ಜಗತ್ತಿನ ಮೊದಲ ಸಹಕಾರ ಸಂಘ ಕಟ್ಟಿಸಿದರು. ಹೋರಿಯ ವೀರ್ಯವನ್ನು ತೆಳು ಕಡ್ಡಿಯಲ್ಲಿ ತುಂಬುವ ಉಪಾಯವೂ ಅವರದೇ. ಮೊದಲು ಓಟ್ಸ್ ಹುಲ್ಲಿನ ಟೊಳ್ಳು ಕಡ್ಡಿ ಬಳಸಿದರಂತೆ. ಆಮೇಲೆ ಮಗಳ ಹುಟ್ಟುಹಬ್ಬದ ದಿನ ಮಕ್ಕಳು ಕೊಳವೆಯಲ್ಲಿ ಶರಬತ್ತು ಹೀರುವುದನ್ನು ನೋಡಿ, ಇದೇ ಸರಿ ಎಂದುಕೊಂಡರು ಎಂದು ಹೇಳುತ್ತಾರೆ. ನಿಮ್ಮೂರಿನ ಕೃತಕ ಗರ್ಭಧಾರಣೆ ಕಾರ್ಯಕರ್ತ ದ್ರವ ಸಾರಜನಕದ ಕ್ಯಾನಿನಿಂದ ಮೇಲೆತ್ತುವ ಬಣ್ಣದ ಕಡ್ಡಿ ಇದೆಯಲ್ಲ, ಅದು ಈ ಹುಲ್ಲು ಕಡ್ಡಿಯ ಮೊಮ್ಮಗು.

ಈ ನಂಟು ನಮ್ಮ ನಾಡಿಗೂ ನೇರವಾಗಿಯೇ ಬಂದಿದೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರ ಶುರುವಾಗಿದ್ದೇ ಡೆನ್ಮಾರ್ಕಿನ ನೆರವಿನಿಂದ.

ಎರಡನೇ ದಿನ: ನೇಗಿಲು ಹಿಡಿದ ಹೆಂಗಸು

ಬೆಳಗ್ಗೆ ಹೋಗಿದ್ದು ದುಂಡು ಗೋಪುರಕ್ಕೆ. ನಾಲ್ಕನೇ ಕ್ರಿಶ್ಚಿಯನ್ ಎಂಬ ರಾಜ ಕಟ್ಟಿಸಿದ್ದು, 1642ರಲ್ಲಿ ಮುಗಿದದ್ದು. ಇದರ ವಿಶೇಷ ಏನೆಂದರೆ ಮೇಲಿನವರೆಗೆ ಸುತ್ತು ಸುತ್ತಾಗಿ ಇಳಿಜಾರು ದಾರಿ ಇದೆ; ತುತ್ತತುದಿಯಲ್ಲಿ ಮಾತ್ರ ಕೆಲವು ಮೆಟ್ಟಿಲು. 1716ರಲ್ಲಿ ರಷ್ಯಾದ ದೊರೆ ಪೀಟರ್ ಕುದುರೆ ಮೇಲೆ ಕುಳಿತೇ ಹತ್ತಿದನಂತೆ. ಮಂಡಿ ನೋವಿನ ನಾನೂ ನಿಧಾನಕ್ಕೆ ಹತ್ತಿದೆ. ಮೇಲಿಂದ ನೋಡಿದರೆ ಕೆಂಪು ಹೆಂಚಿನ ಮನೆಗಳು, ಚರ್ಚಿನ ಗೋಪುರಗಳು, ಆಚೆಗೆ ಸಮುದ್ರ. ಕೋಪನ್‌ಹೇಗನ್ ಎಂಬ ಹೆಸರಿಗೆ ಅವರ ಭಾಷೆಯಲ್ಲಿ ವ್ಯಾಪಾರಿಗಳ ಬಂದರು ಎಂದೇ ಅರ್ಥ.

ಅಲ್ಲಿಂದ ನ್ಯೂಹಾವ್ನ್ ಎಂಬ ಹಳೆಯ ಕಾಲುವೆ ದಂಡೆಗೆ ಬಂದೆವು. ಹಳದಿ, ಕೆಂಪು, ನೀಲಿ ಬಣ್ಣದ ಮನೆಗಳು ಸಾಲಾಗಿ ನಿಂತಿವೆ. ಮಧ್ಯಾಹ್ನಕ್ಕೆ ಅವರ ಊಟವನ್ನೇ ತಿಂದೆವು. ಹೆಸರು ಸ್ಮೊರೆಬ್ರೋಡ್, ಅಂದರೆ ಬೆಣ್ಣೆ ರೊಟ್ಟಿ. ಕಪ್ಪು ರೈ ಹಿಟ್ಟಿನ ಬ್ರೆಡ್ಡಿನ ತುಂಡಿಗೆ ದಪ್ಪಗೆ ಬೆಣ್ಣೆ ಸವರಿ ಮೇಲೆ ಮೊಟ್ಟೆಯೋ ಆಲೂಗಡ್ಡೆಯೋ ಮೀನೋ ಇಡುತ್ತಾರೆ. ಕಚ್ಚಿದರೆ ಹಲ್ಲಿನ ಗುರುತು ಮೂಡುವಷ್ಟು ದಪ್ಪ ಬೆಣ್ಣೆಗೆ ಅವರಲ್ಲಿ ಹಲ್ಲು ಬೆಣ್ಣೆ ಎಂಬ ಹೆಸರೇ ಇದೆ. ಬೆಣ್ಣೆ ಬಿಗಿ ಹಿಡಿಯದ ಜನ ನೋಡಿ ನನಗೆ ಖುಷಿಯಾಯಿತು.

ಅಂಗಡಿಗೂ ಹೊಕ್ಕೆ. ನಮ್ಮಲ್ಲಿ ಪ್ಯಾಕೆಟ್ಟಿನ ಬಣ್ಣ ನೋಡಿ ಹಾಲು ಗುರುತಿಸುವ ಹಾಗೆ ಅಲ್ಲಿಯೂ ಜಿಡ್ಡಿಗೆ ತಕ್ಕ ಬಗೆಬಗೆಯ ಡಬ್ಬಿಗಳು. ಶೇ. 3.5 ಜಿಡ್ಡಿನ ಗಟ್ಟಿ ಹಾಲಿಗೆ ಅವರು ಸಿಹಿ ಹಾಲು ಎನ್ನುತ್ತಾರೆ. ಶೇ. 1.5 ಇದ್ದರೆ ಹಗುರ ಹಾಲು. ಮಜ್ಜಿಗೆಗೆ ಕಡೆದ ಹಾಲು ಎಂದು ಹೆಸರು. ಭಾಷೆ ಬೇರೆಯಾದರೂ ಇಟ್ಟ ಹೆಸರಿನಲ್ಲಿ ಹಾಲು ಕಂಡವರ ಬುದ್ಧಿಯೇ ಇದೆ.

ಆ ಹಾಲಿನ ಪರೀಕ್ಷೆಯ ಒಂದು ದೊಡ್ಡ ವಿಧಾನವೂ ಇದೇ ಊರಿನದು. ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ದೊಡ್ಡ ಪ್ರಯೋಗಾಲಯಗಳಲ್ಲಿ ಅಳೆಯುವ ಕ್ಯೆಲ್ಡಾಲ್ ವಿಧಾನವನ್ನು 1883ರಲ್ಲಿ ಕಂಡುಹಿಡಿದದ್ದು ಇಲ್ಲಿಯ ಒಂದು ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಬಾರ್ಲಿ ಕಾಳಿಗೆಂದು ಮಾಡಿದ್ದು ಹಾಲಿಗೂ ಒದಗಿ ಬಂತು.

ಮಧ್ಯಾಹ್ನದ ಮೇಲೆ ಸಮುದ್ರ ದಂಡೆ. ಪ್ರವಾಸಿಗರೆಲ್ಲ ನೋಡಲು ಓಡುವುದು ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆಯನ್ನು. 1913ರಲ್ಲಿ ನಿಲ್ಲಿಸಿದ್ದು, ಎತ್ತರ ಬರೀ ಒಂದೂಕಾಲು ಮೀಟರ್. ನಮ್ಮ ಎಳೆಯ ಪಡ್ಡೆಯಷ್ಟು. ಬಂಡೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದಾಳೆ. ಪ್ರೀತಿಸಿದವನಿಗಾಗಿ ತನ್ನ ದನಿಯನ್ನೇ ಕೊಟ್ಟುಬಿಟ್ಟ ಹುಡುಗಿಯ ಕಥೆ ಅದು. ಫೋಟೊ ತೆಗೆಸಿಕೊಂಡೆವು.

ಆದರೆ ನನ್ನ ಕಾಲು ನಿಂತಿದ್ದು ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಗೆಫಿಯೋನ್ ಕಾರಂಜಿಯ ಮುಂದೆ. ನಾಲ್ಕು ಭಾರಿ ಎತ್ತುಗಳು ಮೂಗಿನಲ್ಲಿ ನೀರು ಚಿಮ್ಮಿಸುತ್ತ ನೇಗಿಲು ಎಳೆಯುತ್ತಿವೆ. ಹಿಂದೆ ಚಾವಟಿ ಎತ್ತಿ ಹೊಡೆಯುತ್ತಿರುವವಳು ಒಬ್ಬ ಹೆಂಗಸು! ಅವರ ಹಳೆಯ ಪುರಾಣದ ಪ್ರಕಾರ, ಸ್ವೀಡನ್ನಿನ ದೊರೆ ಗೆಫಿಯೋನ್ ದೇವತೆಗೆ, "ನಾಲ್ಕು ಎತ್ತು ಕಟ್ಟಿ ಒಂದು ಹಗಲು ಒಂದು ರಾತ್ರಿಯಲ್ಲಿ ಎಷ್ಟು ಉಳುತ್ತೀಯೋ ಅಷ್ಟು ನೆಲ ನಿನ್ನದು" ಎಂದನಂತೆ. ಅವಳು ತನ್ನ ನಾಲ್ಕು ಮಕ್ಕಳನ್ನೇ ಎತ್ತು ಮಾಡಿ, ಆಳವಾಗಿ ಉತ್ತು, ಆ ನೆಲವನ್ನೇ ಕಿತ್ತು ಸಮುದ್ರಕ್ಕೆ ಎಳೆದು ತಂದಳು. ಕೋಪನ್‌ಹೇಗನ್ ನಿಂತಿರುವ ದ್ವೀಪ ಅದೇ ಎನ್ನುತ್ತಾರೆ.

ನಮ್ಮ ಕಡೆ ಹೆಣ್ಣು ನೇಗಿಲು ಮುಟ್ಟಬಾರದು ಎನ್ನುವ ಮಾತಿದೆ. ಇಲ್ಲಿ ಒಂದು ರಾಜಧಾನಿಯೇ ಹೆಂಗಸು ಉತ್ತ ನೆಲದ ಮೇಲಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಕಥೆಯಲ್ಲಿ ನನಗೆ ಹಿಡಿಸಿದ್ದು ದೊರೆಯ ಒಂದು ಮಾತು: ನೀನು ಉತ್ತದ್ದು ನಿನ್ನದು.

ಹಿಂದಿರುಗುವಾಗ ಅಮಾಲಿಯನ್‌ಬೋರ್ಗ್ ಅರಮನೆಯ ಅಂಗಳ ದಾಟಿದೆವು. ಕರಡಿ ತುಪ್ಪಳದ ಟೋಪಿ ಹಾಕಿದ ಕಾವಲುಗಾರರು ನಿಂತಿದ್ದರು. ಡೆನ್ಮಾರ್ಕಿನ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕು ಬಂದಿದ್ದು 1915ರ ಜೂನ್ 5ರ ಸಂವಿಧಾನದಿಂದ. ಆ ದಿನ ಸಾವಿರಾರು ಹೆಂಗಸರು ಮೆರವಣಿಗೆಯಲ್ಲಿ ಇದೇ ಅಂಗಳಕ್ಕೆ ನಡೆದು ಬಂದಿದ್ದರು. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೇ ದಿನ: ಬೆಣ್ಣೆ ಕಡೆದವರು ಯಾರು?

ಕೊನೆಯ ದಿನ ಲೋಕಲ್ ರೈಲು ಹತ್ತಿ ನಗರದ ಉತ್ತರಕ್ಕೆ, ಲಿಂಗ್ಬಿ ಎಂಬಲ್ಲಿರುವ ಬಯಲು ವಸ್ತುಸಂಗ್ರಹಾಲಯಕ್ಕೆ ಹೋದೆವು. ದೇಶದ ನಾನಾ ಭಾಗದ ಹಳೆಯ ರೈತರ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹುಲ್ಲಿನ ಸೂರು, ಮಣ್ಣಿನ ನೆಲ, ಹೊಗೆ ಹಿಡಿದ ಅಡಿಗೆಮನೆ. ಒಂದು ಮನೆಯಲ್ಲಂತೂ ದನ ಕಟ್ಟುವ ಜಾಗ, ಮನುಷ್ಯರು ಮಲಗುವ ಜಾಗ ಎರಡೂ ಒಂದೇ ಸೂರಿನಡಿ. ನನ್ನ ಅಜ್ಜಿಯ ಮನೆಯ ವಾಸನೆಯೇ ಬಂದಂತಾಯಿತು.

ಅಂಥ ಮನೆಗಳಲ್ಲಿ ಹಾಲು ಕರೆಯುವುದು, ಕೆನೆ ತೆಗೆಯುವುದು, ಬೆಣ್ಣೆ ಕಡೆಯುವುದು, ಉಪ್ಪು ಹಾಕಿ ಪೀಪಾಯಿಗೆ ತುಂಬುವುದು ಎಲ್ಲವೂ ಹೆಂಗಸರ ಕೆಲಸವಾಗಿತ್ತು. ದೊಡ್ಡ ಜಮೀನ್ದಾರರ ಹಟ್ಟಿಗಳಲ್ಲಿ ಹಾಲಿನ ಮನೆಗೆ ಯಜಮಾನಿಯಾಗಿ ನುರಿತ ಹೆಂಗಸನ್ನೇ ಇಡುತ್ತಿದ್ದರು. ಈ ವಸ್ತುಸಂಗ್ರಹಾಲಯದಿಂದ ಹೆಚ್ಚು ದೂರವಿಲ್ಲದ ಓವರೋಡ್ ಎಂಬಲ್ಲಿ ಹಾನ್ನೆ ನೀಲ್ಸನ್ ಎಂಬ ರೈತ ಮಹಿಳೆ (1829–1903) ಇದ್ದಳು. ಚೀಸ್ ಮಾಡುವುದನ್ನು ಕಲಿಯಲು ಆ ಕಾಲದಲ್ಲೇ ಯುರೋಪಿನ ಹಲವು ದೇಶ ಸುತ್ತಿ ಬಂದಳು. ಅವಳ ತೋಟದ ಹೆಸರಿನಿಂದಲೇ ಹವಾರ್ತಿ ಎಂಬ ಚೀಸಿಗೆ ಹೆಸರು ಬಂತು. ಇಂದು ಜಗತ್ತಿನ ಅಂಗಡಿಗಳಲ್ಲೆಲ್ಲ ಅದು ಸಿಗುತ್ತದೆ.

ಆಮೇಲೆ ಏನಾಯಿತು ಕೇಳಿ. 1870ರ ದಶಕದಲ್ಲಿ ಅಮೆರಿಕ, ರಷ್ಯಾಗಳಿಂದ ಅಗ್ಗದ ಗೋಧಿ ಹಡಗಿನಲ್ಲಿ ಬಂದು ಬಿತ್ತು. ಡೆನ್ಮಾರ್ಕಿನ ರೈತರ ಕಾಳಿಗೆ ಬೆಲೆ ಇಲ್ಲವಾಯಿತು. ಕಾಳು ಮಾರುವ ಬದಲು ಹಸುವಿಗೆ ಹಾಕಿ ಬೆಣ್ಣೆ ಮಾರೋಣ ಎಂದು ಹೊರಟರು. ಕೆನೆ ಬೇರ್ಪಡಿಸುವ ಯಂತ್ರ ಬಂದದ್ದೂ ಆಗಲೇ. ಯಂತ್ರ ಒಬ್ಬೊಬ್ಬರ ಕೈಗೆ ಎಟುಕುವಂಥದ್ದಲ್ಲ. ಆಗ 1882ರಲ್ಲಿ ದೇಶದ ಪಶ್ಚಿಮದ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಒಟ್ಟು ಸೇರಿ ಡೆನ್ಮಾರ್ಕಿನ ಮೊದಲ ಸಹಕಾರ ಡೇರಿ ಕಟ್ಟಿದರು. ಹಾಲು ಹಾಕಿದಷ್ಟಕ್ಕೆ ಲಾಭದ ಪಾಲು, ಆದರೆ ಓಟು ಮಾತ್ರ ಒಬ್ಬರಿಗೆ ಒಂದೇ. ಐವತ್ತು ಹಸು ಇದ್ದವನಿಗೂ ಒಂದು, ಒಂದು ಹಸು ಇದ್ದವನಿಗೂ ಒಂದು. ತಲೆ ಎಣಿಸಬೇಕು, ದನ ಎಣಿಸಬಾರದು ಎಂಬುದು ಅವರ ಮಾತು. ಹತ್ತು ವರ್ಷದೊಳಗೆ ಇಂಥ ನೂರಾರು ಡೇರಿಗಳು ಎದ್ದವು. ನಮ್ಮ ನಿಮ್ಮ ಸಂಘದ ಬೈಲಾದಲ್ಲಿ ಇರುವುದೂ ಇದೇ ತತ್ವ.

ಇಷ್ಟು ಕೇಳಿ ನಾನು ಹಿಗ್ಗಿದೆ. ಮಗಳು, "ನಿಲ್ಲಮ್ಮ, ಪೂರ್ತಿ ಕೇಳು" ಎಂದಳು. ಆ ತಲೆಗಳು ಯಾರವು? ಸದಸ್ಯರ ಪಟ್ಟಿಯಲ್ಲಿ ಇದ್ದದ್ದು ಹೆಚ್ಚಾಗಿ ಮನೆಯ ಯಜಮಾನನ ಹೆಸರು. ಹಾಲು ಡೇರಿಗೆ ಹೋಯಿತು. ಬೆಣ್ಣೆ ಮಾಡುವ ವಿದ್ಯೆ ಯಂತ್ರದ ಜೊತೆ ಸಂಬಳದ ಗಂಡಸಿನ ಕೈಗೆ ಹೋಯಿತು. ದುಡ್ಡು ಸದಸ್ಯನ ಹೆಸರಿಗೆ ಬಂತು. ಹೆಂಗಸರ ಪಾಲಿಗೆ ಉಳಿದದ್ದು ಕೊಟ್ಟಿಗೆಯ ದುಡಿಮೆ. ದೇಶದ ಚುನಾವಣೆಯಲ್ಲಿ ಅವರ ಓಟು ಬರಲು ಯೆಡ್ಡಿಂಗ್ ಆದ ಮೇಲೆ 33 ವರ್ಷ ಕಾಯಬೇಕಾಯಿತು. ಡೇರಿ ಮಾಡಿದ್ದು ಒಳ್ಳೆಯ ಕೆಲಸವೇ. ಬಡ ರೈತರನ್ನು ಅದು ಮೇಲೆತ್ತಿತು. ಆದರೆ ರಿಜಿಸ್ಟರ್ ಬರೆಯುವ ದಿನ ಕಡೆಗೋಲು ಹಿಡಿದವರನ್ನು ಯಾರೂ ಕರೆಯಲಿಲ್ಲ.

ಇಂದು ಡೆನ್ಮಾರ್ಕ್ ಬೇರೆಯೇ ಆಗಿದೆ. ಹಾಲಿನ ರೈತರು ಇಡೀ ದೇಶಕ್ಕೆ ಮೂರು ಸಾವಿರಕ್ಕಿಂತ ಕಡಿಮೆ. ಒಂದೊಂದು ಕೊಟ್ಟಿಗೆಯಲ್ಲಿ ಸರಾಸರಿ ಇನ್ನೂರಕ್ಕೂ ಹೆಚ್ಚು ಹಸು, ಎಷ್ಟೋ ಕಡೆ ಕರೆಯುವುದು ರೋಬೋಟ್ ಯಂತ್ರ. ಅದು ಅವರ ದಾರಿ. ನಮ್ಮದು ಒಂದು, ಎರಡು, ಮೂರು ಹಸುವಿನ ಲಕ್ಷಾಂತರ ಮನೆಗಳು. ನಮಗೆ ಬೇಕಾದ ಪಾಠ ರೋಬೋಟಿನಲ್ಲಿ ಇಲ್ಲ, ಆ ಹಳೆಯ ರಿಜಿಸ್ಟರಿನಲ್ಲಿ ಇದೆ.

ಊರಿಗೆ ಬಂದ ಮೇಲೆ

ವಿಮಾನದಲ್ಲಿ ಕುಳಿತಾಗ ನನಗೆ ನೆನಪಾದವರು ನಾನು ಹೋಗುವ ಒಂದು ಊರಿನ ಅಕ್ಕ. ಹೆಸರು ಬೇಡ. ಮೂರು ಹಸು, ದಿನಕ್ಕೆ ಹದಿನೆಂಟು ಲೀಟರ್ ಹಾಲು. ಹುಲ್ಲು ಕೊಯ್ಯುವುದರಿಂದ ಕ್ಯಾನ್ ತೊಳೆಯುವವರೆಗೆ ಎಲ್ಲ ಅವರೇ. ಹೋದ ವರ್ಷ ಅವರ ಸಂಘಕ್ಕೆ ಚುನಾವಣೆ ಬಂತು. ಓಣಿಯ ಹೆಂಗಸರೆಲ್ಲ ಹುರಿದುಂಬಿಸಿ ಮಹಿಳಾ ಸ್ಥಾನಕ್ಕೆ ನಾಮಪತ್ರ ಹಾಕಿಸಿದರು. ಪರಿಶೀಲನೆಯ ದಿನ ತಿಳಿಯಿತು, ಅವರು ಸದಸ್ಯರೇ ಅಲ್ಲ. ಹನ್ನೊಂದು ವರ್ಷದಿಂದ ಅವರು ಹಾಕಿದ ಹಾಲೆಲ್ಲ ಗಂಡನ ಹೆಸರಿನಲ್ಲಿತ್ತು. ಅಷ್ಟೂ ವರ್ಷ ಆ ಸಂಘಕ್ಕೆ ಹೋಗುತ್ತಿದ್ದ ನಾನೂ ಒಂದು ದಿನ ಅದನ್ನು ಕೇಳಿರಲಿಲ್ಲ. ಅವರ ಕೈಯ ಕಾಫಿ ಮಾತ್ರ ಕುಡಿದು ಬರುತ್ತಿದ್ದೆ.

ಬಂದ ವಾರವೇ ಅವರ ಮನೆಗೆ ಹೋದೆ. ವಿಷಯ ಎತ್ತಿದಾಗ ಯಜಮಾನರು, "ಮನೆ ಒಂದೇ ಅಲ್ವಾ ಮೇಡಂ, ಯಾರ ಹೆಸರಿದ್ರೇನು?" ಎಂದರು. ಅಕ್ಕ ಹುಲ್ಲಿನ ಹೊರೆ ಇಳಿಸುತ್ತ, "ಒಂದೇ ಆದ್ರೆ ನನ್ನ ಹೆಸರೇ ಇರ್ಲಿ ಬಿಡಿ" ಎಂದರು. ಅವರಿಗೂ ನಗು ಬಂತು. ಅರ್ಜಿಗೆ ಸಹಿ ಬಿತ್ತು.

ಸಹೋದರಿಯರೇ, ನಿಮ್ಮಲ್ಲಿ ಮಹಿಳಾ ಸಂಘದವರಿಗೆ ಈ ತೊಂದರೆ ಕಡಿಮೆ. ಮಿಶ್ರ ಸಂಘಗಳಿಗೆ ಹಾಲು ಹಾಕುವವರು ದಯವಿಟ್ಟು ಈ ತಿಂಗಳು ನಾಲ್ಕು ವಿಷಯ ನೋಡಿಕೊಳ್ಳಿ.

1. ಪಾಸ್‌ಬುಕ್ಕಿನ ಮೇಲೆ, ಷೇರು ಪತ್ರದ ಮೇಲೆ ಯಾರ ಹೆಸರಿದೆ? ನೀವು ಸಾಕುವ ಹಸುವಿನ ಹಾಲಾದರೆ ನಿಮ್ಮ ಹೆಸರಿಗೆ ಸದಸ್ಯತ್ವ ಪಡೆಯಲು ಬೈಲಾದಂತೆ ಏನು ಮಾಡಬೇಕು ಎಂದು ಕಾರ್ಯದರ್ಶಿಯವರನ್ನು ಕೇಳಿ.

2. ಬಟವಾಡೆ ಯಾವ ಬ್ಯಾಂಕ್ ಖಾತೆಗೆ ಹೋಗುತ್ತಿದೆ? ಸರ್ಕಾರದ ಪ್ರೋತ್ಸಾಹಧನವೂ ಸಂಘದ ದಾಖಲೆಯಲ್ಲಿ ಹೆಸರಿರುವವರ ಖಾತೆಗೇ ಬರುತ್ತದೆ.

3. ಓಟು ಹಾಕಲು, ಚುನಾವಣೆಗೆ ನಿಲ್ಲಲು ವರ್ಷಕ್ಕೆ ಇಷ್ಟು ಹಾಲು ಹಾಕಿರಬೇಕು, ಸಾಮಾನ್ಯ ಸಭೆಗೆ ಬಂದಿರಬೇಕು ಎಂಬ ನಿಯಮಗಳಿವೆ. ನಿಮ್ಮ ಸಂಘದ ಲೆಕ್ಕದಲ್ಲಿ ನೀವು ಅರ್ಹರೇ ಎಂದು ಈಗಲೇ ನೋಡಿಕೊಳ್ಳಿ. ಚುನಾವಣೆ ಬಂದ ಮೇಲೆ ಹೊತ್ತು ಮೀರಿರುತ್ತದೆ.

4. ಸರ್ವಸದಸ್ಯರ ಸಭೆಯ ನೋಟಿಸು ಬಂದರೆ ನೀವೇ ಹೋಗಿ, ಸಹಿ ನೀವೇ ಹಾಕಿ.

ಗೊತ್ತಾಗದಿದ್ದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕೇಳಿ. ಅವರು ಕಾಫಿ ಕುಡಿದು ಎದ್ದು ಹೊರಡುವ ಮೊದಲೇ ಕೇಳಿ.

ಮೊನ್ನೆ ಆ ಅಕ್ಕ ಫೋನ್ ಮಾಡಿದ್ದರು. ಆಡಳಿತ ಮಂಡಳಿ ಸಭೆಯಲ್ಲಿ ಅವರ ಸದಸ್ಯತ್ವ ಒಪ್ಪಿಗೆಯಾಗಿದೆ. ಹೊಸ ಪಾಸ್‌ಬುಕ್ ಕೈಗೆ ಬಂದಿದೆ. "ಫೋಟೊ ಸ್ವಲ್ಪ ಕಪ್ಪಗೆ ಬಂದೈತೆ ಮೇಡಂ" ಎಂದರು. ಪರವಾಗಿಲ್ಲ ಅಕ್ಕ, ಹೆಸರು ಸರಿಯಾಗಿ ಬಂದಿದೆಯಲ್ಲ, ಎಂದೆ.